ವರ್ಕ್‌ಶಾಪ್ ಕಪಾಟಿಗೆ ಪ್ಲೈವುಡ್: ಮುಖ ಬಿಡಿ, ಅಂಚು ನೋಡಿ

ವರ್ಕ್‌ಶಾಪಿನ ಕಪಾಟು ನೆಂಟರಿಗೆ ತೋರಿಸೋಕೆ ಮಾಡಿಸುವುದಲ್ಲ. ಡ್ರಿಲ್ ಮೆಷಿನ್ನು, ಸ್ಪ್ಯಾನರ್ ಸೆಟ್ಟು, ಮೊಳೆ ಡಬ್ಬ, ವೀಡ್ ಕಟರ್ ಬಿಡಿಭಾಗ ಎಲ್ಲದರ ಭಾರ ತಡೆಯಬೇಕು, ಮಳೆಗಾಲದಲ್ಲಿ ಉಬ್ಬಬಾರದು. ಅಷ್ಟೇ. ಆದರೆ ಅಂಗಡಿಯಲ್ಲಿ ನಾವು ನೋಡುವುದು ಶೀಟಿನ ಮುಖ ಎಷ್ಟು ಕೆಂಪಗಿದೆ, ಎಷ್ಟು ನುಣುಪಾಗಿದೆ ಅಂತ. ಆ ಮುಖ ಕಾಗದದಂಥ ತೆಳು ಪದರ, ಬಣ್ಣ ಬಳಿದಿರುವುದೂ ಉಂಟು. ಕೊಡೋ ದುಡ್ಡು ಒಳಗಿನ ಮರಕ್ಕೂ ಅಂಟಿಗೂ ಹೋಗಬೇಕು.

ಮೊದಲು ಊರಿನ ಮಳೆ ನೋಡಿ

ಅರಸೀಕೆರೆ, ಕಡೂರು ಕಡೆಯ ಒಣ ಹವೆಗೆ ಎಂಆರ್ (ಮಾಯಿಶ್ಚರ್ ರೆಸಿಸ್ಟೆಂಟ್, ತೇವ ತಡೆಯುವ) ಗ್ರೇಡ್ ಸಾಕು. ಅಂಗಡಿಯವರು ಇದನ್ನೇ 'ಕಮರ್ಷಿಯಲ್' ಅನ್ನುತ್ತಾರೆ. ಇದರ ಅಂಟು ಯೂರಿಯಾ ಫಾರ್ಮಾಲ್ಡಿಹೈಡ್, ಗಾಳಿಯ ತೇವ ತಡೆಯುತ್ತದೆ, ನೀರು ನಿಂತರೆ ಬಿಡುತ್ತದೆ. ಸಕಲೇಶಪುರ, ಮೂಡಿಗೆರೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದಲ್ವಾ, ಅಲ್ಲಿ ಬಿಡಬ್ಲ್ಯೂಆರ್, ಅಂದರೆ ಕುದಿನೀರು ತಡೆಯುವ ಗ್ರೇಡ್ ತಗೊಳ್ಳಿ. ಫೀನಾಲ್ ಅಂಟಿನ ಈ ಶೀಟಿನ ಅಂಚಿನಲ್ಲಿ ಪದರಗಳ ನಡುವೆ ಕಡುಕಂದು ಗೆರೆ ಕಾಣುತ್ತದೆ.

ಹಾಸನ, ಚಿಕ್ಕಮಗಳೂರು ಪೇಟೆಯಲ್ಲಿದ್ದರೆ ಎರಡನ್ನೂ ಬೆರೆಸಿ. ತಳ ಮತ್ತು ಪಕ್ಕದ ಹಲಗೆಗೆ ಬಿಡಬ್ಲ್ಯೂಆರ್, ಒಳಗಿನ ತಟ್ಟೆಗೆ (ಸಾಮಾನಿಡುವ ಅಡ್ಡ ಹಲಗೆಗೆ), ಗೋಡೆಗೆ ತೂಗುಹಾಕುವ ಪೆಟ್ಟಿಗೆಗೆ ಎಂಆರ್. ಉಳಿತಾಯ ಮಾಡೋಕೆ ನನಗೆ ಕಾಣುವ ಒಳ್ಳೆಯ ದಾರಿ ಇದೇ. ದೋಣಿ, ಹಡಗಿಗೆ ಬಳಸುವ ಮರೀನ್ ಪ್ಲೈ (ಭಾರತೀಯ ಮಾನದಂಡ ಐಎಸ್ 710) ಇದೆಯಲ್ಲ, ಅದು ವರ್ಕ್‌ಶಾಪಿಗೆ ಸುಮ್ನೆ ಖರ್ಚು.

ಮುದ್ರೆ ಓದಿ

ಎಂಆರ್, ಬಿಡಬ್ಲ್ಯೂಆರ್ ಎರಡಕ್ಕೂ ಮಾನದಂಡ ಐಎಸ್ 303. ಐಎಸ್‌ಐ ಗುರುತಿನ ಮೇಲೆ ಆ ಸಂಖ್ಯೆ, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಈ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿ, ಕಂಪನಿ ಹೆಸರು ತಾಳೆ ನೋಡಿ. ಬರೀ 'ವಾಟರ್‌ಪ್ರೂಫ್' ಅಂತ ಸೀಲ್ ಹೊಡೆದಿದ್ದರೆ ಅದಕ್ಕೆ ಅರ್ಥವಿಲ್ಲ. ನಂಬರ್ ಸರಿಯಿದ್ದರೆ ಕೇರಳದ ಪೆರುಂಬಾವೂರು ಕಡೆಯ ಹೆಸರೇ ಕೇಳದ ಬ್ರಾಂಡ್ ಆದರೂ ಧೈರ್ಯವಾಗಿ ಮುಂದೆ ಹೇಳುವ ಪರೀಕ್ಷೆಗೆ ಇಳಿಯಬಹುದು, ಜಾಹೀರಾತಿನ ಖರ್ಚು ನಮ್ಮ ತಲೆಗೆ ಬೀಳುವುದಿಲ್ಲ.

ಅಂಚೇ ಎಲ್ಲ ಹೇಳುತ್ತದೆ

ಶೀಟನ್ನು ರಾಶಿಯಿಂದ ಎಳೆಸಿ ಬೆಳಕಿಗೆ ತನ್ನಿ. ನಾಲ್ಕೂ ಅಂಚು ನೋಡಿ. ಪದರಗಳು ನೆಟ್ಟಗೆ ಕೂತಿರಬೇಕು. ಒಂದರ ಮೇಲೊಂದು ಹತ್ತಿದ್ದರೆ, ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದಿ ಇದ್ದರೆ ಒಳಗೆ ಅಂಥವು ಇನ್ನೂ ಇರುತ್ತವೆ, ನಾಳೆ ಹಿಂಜ್ ಕೂರಿಸುವಾಗ ಸ್ಕ್ರೂ ಸರಿಯಾಗಿ ಅಂಥ ಕಡೆಯೇ ಹೋದರೆ ಸುಮ್ನೆ ತಿರುಗುತ್ತಿರುತ್ತದೆ, ಹಿಡಿಯುವುದಿಲ್ಲ. ಅಂಚಿಗೆ ದಪ್ಪ ಬಣ್ಣ ಹೊಡೆದಿದ್ದರೆ ಚಾಕುವಿನಿಂದ ಸ್ವಲ್ಪ ಕೆರೆದು ನೋಡೋಕೆ ಕೇಳಿ. ಆಮೇಲೆ ಬೆರಳ ಗಿಣ್ಣಿನಿಂದ ಅರ್ಧ ಅಡಿಗೊಂದು ಸಲ ಬಡಿಯುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದ ಗುರುತು ಹಾಕಿ. ನಾಲ್ಕೈದು ಗುರುತು ಬಿದ್ದರೆ ಬೇರೆ ಶೀಟು ಕೇಳಿ.

ಒಳಗಿನ ಮರ ಯಾವುದು ಅಂತಲೂ ಕೇಳಿ. ಪಾಪ್ಲರ್ ಹಗುರ, ಅಗ್ಗ, ಆದರೆ ಸ್ಕ್ರೂ ಹಿಡಿತ ಕಡಿಮೆ. ನೀಲಗಿರಿ ಮರದ ಶೀಟು ಭಾರ, ಗಟ್ಟಿ. ನಮ್ಮ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿರುವ ಸಿಲ್ವರ್ ಓಕ್ ಕೂಡ ಲಾರಿ ಹತ್ತಿ ಪ್ಲೈ ಕಾರ್ಖಾನೆ ಸೇರುತ್ತದೆ. ಜಾಸ್ತಿ ಶೀಟು ಬೇಕಿದ್ದರೆ ಮೊದಲು ಅಂಗೈಯಗಲದ ತುಂಡು ಕೇಳಿ ತನ್ನಿ. ಹಳೇ ಪಾತ್ರೆಯಲ್ಲಿ ನೀರು ಹಾಕಿ, ಹೊರಗಿನ ಒಲೆಯ ಮೇಲೆ ಕುದಿಸಿ. ಬಿಡಬ್ಲ್ಯೂಆರ್ ಅಂದ ಮೇಲೆ 8 ಗಂಟೆ ಕುದಿ ತಡೆಯಬೇಕು. ಅಷ್ಟರೊಳಗೆ ಪದರ ಬಿಟ್ಟರೆ ಆ ಮಾಲು ಬೇಡ.

ದಪ್ಪ ಅಳೆಯಿರಿ. 18 ಮಿ.ಮೀ. ಅಂತ ಕೊಡುವುದು 16 ಇರಬಹುದು. ನಾಲ್ಕು ಮೂಲೆಯಲ್ಲೂ ಒಂದೇ ಇರಬೇಕು.

ಎಷ್ಟು ಶೀಟು ಬೇಕು?

ದರ ಚದರಡಿಗೆ ಹೇಳುತ್ತಾರೆ, 8x4 ಶೀಟು ಅಂದರೆ 32 ಚದರಡಿ. ಜಿಎಸ್‌ಟಿ ಸೇರಿಸಿ ಕೇಳಿ. ಶೀಟಿನ ನಿಜವಾದ ಅಳತೆ 2440x1220 ಮಿ.ಮೀ. ಕಪಾಟಿನ ಅಳತೆಯನ್ನು ಇದಕ್ಕೆ ಹೊಂದಿಸಿಕೊಂಡರೆ ಹೆಚ್ಚೇನೂ ಹಾಳಾಗುವುದಿಲ್ಲ. ಪ್ರತಿ ಹಲಗೆಯೂ 800x600 ಅಂತಿಟ್ಟುಕೊಳ್ಳಿ. ಗರಗಸ ತಿನ್ನುವ ಸುಮಾರು 3 ಮಿ.ಮೀ. ಬಿಟ್ಟರೂ ಒಂದು 18 ಮಿ.ಮೀ. ಶೀಟಿನಲ್ಲಿ 6 ಹಲಗೆ ಬರುತ್ತವೆ: ಪಕ್ಕಕ್ಕೆ 2, ತಳ, ಮೇಲ್ಭಾಗ, ಒಳಗೆ 2 ತಟ್ಟೆ. ಬಾಗಿಲು ಬಿಟ್ಟು ಒಂದು ಕಪಾಟು ಮುಗಿಯಿತು. ಹಿಂಬದಿಗೆ 6 ಮಿ.ಮೀ. ಸಾಕು, ಅದರ ಒಂದು ಶೀಟು ಮೂರು ಕಪಾಟಿಗೆ ಆಗುತ್ತದೆ. ಎರಡು ಗ್ರೇಡ್ ಬೆರೆಸುವವರು ಎರಡು ಮೂರು ಕಪಾಟಿನ ಲೆಕ್ಕ ಒಟ್ಟಿಗೆ ಹಾಕಿ, ಇಲ್ಲದಿದ್ದರೆ ಅರ್ಧರ್ಧ ಶೀಟು ಉಳಿಯುತ್ತದೆ.

ಇನ್ನೂ ಅಗ್ಗ ಬೇಕಾ? ಕಟ್ಟಡದ ಕೆಲಸ ಮುಗಿದ ಕಡೆ ಕಾಂಕ್ರೀಟ್ ಹಾಕಲು ಅಚ್ಚಾಗಿ ಬಳಸಿದ ಹಳೇ ಸೆಂಟ್ರಿಂಗ್ ಪ್ಲೈ ಸಿಗುತ್ತದೆ. ನೀರು ತಡೆಯುವ ಮಾಲು, ತಟ್ಟೆಗೆ, ಕೆಲಸದ ಮೇಜಿಗೆ ಚೆನ್ನ. ಸಿಮೆಂಟ್ ಕೆರೆದು, ಮೊಳೆ ಕಿತ್ತ ಮೇಲೆಯೇ ಗರಗಸಕ್ಕೆ ಕೊಡಿ, ಇಲ್ಲದಿದ್ದರೆ ಬ್ಲೇಡ್ ಹೋಗುತ್ತದೆ. ಪಾರ್ಟಿಕಲ್ ಬೋರ್ಡ್ ಮಾತ್ರ ಮಲೆನಾಡಿಗೆ ಬೇಡವೇ ಬೇಡ, ಒಮ್ಮೆ ನೀರು ಕುಡಿದು ಉಬ್ಬಿದರೆ ಮತ್ತೆ ಮೊದಲಿನಂತೆ ಆಗುವುದಿಲ್ಲ.

ತಂದ ಮೇಲೆ

ಬೇಸಿಗೆಯಲ್ಲೇ ಕೊಳ್ಳಿ. ಶೀಟನ್ನು ಗೋಡೆಗೆ ಒರಗಿಸಬೇಡಿ, ಬಾಗುತ್ತದೆ. ರೀಪು ಹಾಸಿ ಮಲಗಿಸಿ. ಕೊಯ್ದ ಅಂಚಿಗೆಲ್ಲ ಎರಡು ಕೋಟ್ ವಾರ್ನಿಶ್ ಹೊಡೆಯಿರಿ, ತಳದ ಅಂಚಿಗೆ ಮೂರು. ಕಪಾಟನ್ನು ನೆಲದಿಂದ ನಾಲ್ಕಿಂಚು ಎತ್ತಿ, ಗೋಡೆಯಿಂದ ಒಂದಿಂಚು ಬಿಟ್ಟು ನಿಲ್ಲಿಸಿ. ಆಗ ಗಾಳಿಯೂ ಆಡುತ್ತದೆ, ಗೆದ್ದಲು ಮಣ್ಣು ಕಟ್ಟಿಕೊಂಡು ಹತ್ತಿದರೆ ಟಾರ್ಚ್ ಬಿಟ್ಟ ಕೂಡಲೇ ಕಾಣುತ್ತದೆ.