ಅಮೆರಿಕದ ಟ್ರೇಲ್ ಓಟಕ್ಕೆ ವಾಲಂಟಿಯರ್ ಆಗುವಾಗ: ನೀರಿಗಿಂತ ನಂಬರ್ ಮುಖ್ಯ

ಆನ್‌ಸೈಟ್‌ಗೆಂದೋ ಓದಿಗೆಂದೋ ಬೆಂಗಳೂರಿನಿಂದ ಅಮೆರಿಕಕ್ಕೆ ಹೋದವರಲ್ಲಿ ಕಬ್ಬನ್ ಪಾರ್ಕಿನ ಭಾನುವಾರದ ಓಟವನ್ನೂ ತುರಹಳ್ಳಿಯ ಕಾಲುದಾರಿಯನ್ನೂ ಬಿಟ್ಟಿರಲಾರದವರು ಇದ್ದೇ ಇರುತ್ತಾರೆ. ಅಲ್ಲಿ ನೂರು ಮೈಲಿಯ, ಅಂದರೆ 161 ಕಿ.ಮೀ. ಬೆಟ್ಟದ ಓಟಕ್ಕೆ ಹೆಸರು ಕೊಡಲು ಹೋದರೆ ಕೆಲವು ಕಡೆ ಎಂಟು ಗಂಟೆಯ ಸೇವೆ ಮಾಡಿದ್ದಕ್ಕೆ ಸಹಿ ತನ್ನಿ ಎನ್ನುತ್ತಾರೆ. ಯೂಟಾದ ವಾಸಾಚ್ ಫ್ರಂಟ್ 100, ಕ್ಯಾಲಿಫೋರ್ನಿಯಾದ ಏಂಜಲಿಸ್ ಕ್ರೆಸ್ಟ್ 100 ಈ ಬಗೆಯವು. ದುಡ್ಡು ಕಟ್ಟಿದರೆ ಬಿಬ್ (ಎದೆಗೆ ಅಂಟಿಸಿಕೊಳ್ಳುವ ನಂಬರ್ ಚೀಟಿ) ಬಂತು ಎಂಬ ನಮ್ಮೂರಿನ ಲೆಕ್ಕ ಅಲ್ಲಿ ಸಾಲದು.

ಕಾರಣ ಸರಳ. ಓಟದ ದಾರಿ ಬಹುಪಾಲು ಸರ್ಕಾರಿ ಕಾಡಿನದು, ಅರಣ್ಯ ಇಲಾಖೆಯ ಪರವಾನಗಿ ಇಲ್ಲದೆ ಓಟವಿಲ್ಲ. 1977ರಲ್ಲಿ ಶುರುವಾದ ವೆಸ್ಟರ್ನ್ ಸ್ಟೇಟ್ಸ್ 100 ಓಟಕ್ಕೆ ಎಷ್ಟೇ ಸಾವಿರ ಅರ್ಜಿ ಬಂದರೂ ಸುಮಾರು 369 ಮಂದಿಯಷ್ಟೇ ಹೊರಡುವುದು ಈ ಪರವಾನಗಿಯ ಮಿತಿಯಿಂದ. ದಾರಿ ಬಳಸುವವರು ದಾರಿ ಕಾಯಲಿ ಎನ್ನುವುದು ಅಲ್ಲಿನ ರೂಢಿ.

ಸೇವೆ ಸಾಮಾನ್ಯವಾಗಿ ಎರಡು ಬಗೆ. ಒಂದು ದಾರಿ ಕೆಲಸ: ಬಿದ್ದ ಕೊಂಬೆ ಕಡಿಯುವುದು, ಪೊದೆ ಸವರುವುದು, ಮಳೆನೀರು ಪಕ್ಕಕ್ಕೆ ಹರಿಯುವಂತೆ ಕಾಲುವೆ ತೋಡುವುದು. ಉದ್ದ ಪ್ಯಾಂಟು, ಬೂಟು, ಕೈಗವಸು ನಿಮ್ಮದು. ಹೆಲ್ಮೆಟ್ಟು, ಪುಲಾಸ್ಕಿ ಸಾಮಾನ್ಯವಾಗಿ ಅವರದು. ಪುಲಾಸ್ಕಿ ಎಂದರೆ ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿ ಇರುವ ಹತಾರ. ಕ್ಯಾಲಿಫೋರ್ನಿಯಾದಲ್ಲಾದರೆ ಮೂರೆಲೆಯ ಪಾಯಿಸನ್ ಓಕ್ ಗಿಡ ಗುರುತಿಟ್ಟುಕೊಳ್ಳಿ. ಮೈಗೆ ತಾಗಿದರೆ ವಾರಗಟ್ಟಲೆ ತುರಿಕೆ. ಎರಡನೆಯದು ಏಡ್ ಸ್ಟೇಷನ್, ಅಂದರೆ ದಾರಿಯ ನಡುವೆ ಓಟಗಾರರಿಗೆ ನೀರು, ಊಟ ಕೊಡುವ ತಾಣದ ಕೆಲಸ. ಹೆಚ್ಚಿನವರು ಆರಿಸಿಕೊಳ್ಳುವುದೂ ಇದನ್ನೇ, ತಪ್ಪು ಮಾಡುವುದೂ ಇಲ್ಲೇ.

ಹೆಸರು ಕೊಡುವ ಮೊದಲು ವೀಸಾ ನೋಡಿಕೊಳ್ಳಿ. ಲಾಭರಹಿತ ಸಂಸ್ಥೆ ನಡೆಸುವ ಓಟದಲ್ಲಿ, ಊರಿನವರೆಲ್ಲ ಪುಕ್ಕಟೆ ಮಾಡುವ ಕೆಲಸವನ್ನು ಎಚ್-1ಬಿ (ಉದ್ಯೋಗ), ಎಚ್-4 (ಉದ್ಯೋಗಿಯ ಕುಟುಂಬ), ಎಫ್-1 (ವಿದ್ಯಾರ್ಥಿ) ವೀಸಾದಲ್ಲಿ ಇರುವವರೂ ಸಾಮಾನ್ಯವಾಗಿ ಮಾಡಬಹುದು. ಲಾಭಕ್ಕಾಗಿ ಓಟ ನಡೆಸುವ ಕಂಪನಿಯ ಮಾತು ಬೇರೆ, ಅಂಥವರು ಪುಕ್ಕಟೆ ದುಡಿಸಿಕೊಳ್ಳುವುದನ್ನು ಅಲ್ಲಿನ ಕಾರ್ಮಿಕ ಕಾನೂನು ಒಪ್ಪುವುದಿಲ್ಲ. ಕೆಲಸಕ್ಕೆ ಬದಲಾಗಿ ಶುಲ್ಕದಲ್ಲಿ ರಿಯಾಯಿತಿ ಪಡೆದರೆ ಅದನ್ನು ಕೂಲಿ ಎಂದೇ ಎಣಿಸಬಹುದು. ಅನುಮಾನವಿದ್ದರೆ ವಿದ್ಯಾರ್ಥಿಗಳು ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳ ವೀಸಾ ನೋಡಿಕೊಳ್ಳುವ ಡಿಎಸ್‌ಒ ಅವರನ್ನು, ಉದ್ಯೋಗಿಗಳು ವೀಸಾ ವಕೀಲರನ್ನು ಮೊದಲೇ ಕೇಳಲಿ.

ಏಡ್ ಸ್ಟೇಷನ್ ನಮ್ಮ ರಸ್ತೆ ಓಟಗಳ ನೀರಿನ ಟೇಬಲ್ ಅಲ್ಲ. ಓಡುವವರು ಬಾಟಲಿ ಕಸಿದುಕೊಂಡು ಹೋಗುವುದಿಲ್ಲ. ನಿಲ್ಲುತ್ತಾರೆ, ತುಂಬಿಸಿಕೊಳ್ಳುತ್ತಾರೆ, ತಿನ್ನುತ್ತಾರೆ, ಕೆಲವರು ವಾಂತಿಯನ್ನೂ ಮಾಡಿಕೊಳ್ಳುತ್ತಾರೆ. ಲೋಟ ಇರುವುದಿಲ್ಲ, ಅವರವರ ಬಾಟಲಿಯೇ. ತಲೆಗೆ ಒಂದೂವರೆ ಲೀಟರಿನಂತೆ 200 ಮಂದಿಗೆ 300 ಲೀಟರ್ ಬೇಕು. ಐದು ಗ್ಯಾಲನ್ನಿನ ಒಂದು ಕ್ಯಾನಿನಲ್ಲಿ 19 ಲೀಟರ್, ಹಾಗಾಗಿ 16 ಕ್ಯಾನು. ಬಿಸಿಲಿನ ದಿನವಾದರೆ ಇನ್ನೂ ಅರ್ಧದಷ್ಟು ಸೇರಿಸಿ. ಬರೀ ನೀರಿನ ಕ್ಯಾನಿಗೂ ಎಲೆಕ್ಟ್ರೊಲೈಟ್ (ಉಪ್ಪು, ಸಕ್ಕರೆ ಬೆರೆಸಿದ ನೀರು) ಕ್ಯಾನಿಗೂ ದಪ್ಪಕ್ಷರದ ಚೀಟಿ ಅಂಟಿಸಿ. ಕತ್ತಲಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ತಲೆಗೆ ಸುರಿದುಕೊಳ್ಳಲು ನೀರು ಕೇಳಿದವರಿಗೆ ಸಕ್ಕರೆ ನೀರು ಸುರಿದರೆ ಮುಂದಿನ ಐವತ್ತು ಮೈಲಿ ನಿಮಗೆ ಶಾಪ.

ಊಟದ ವಿಷಯ ನಮ್ಮವರಿಗೆ ಹೇಳಿಕೊಡಬೇಕಿಲ್ಲ: ಬೇಯಿಸಿದ ಆಲೂಗಡ್ಡೆ, ಪಕ್ಕದಲ್ಲಿ ಉಪ್ಪು, ಕಲ್ಲಂಗಡಿ, ನಾಲ್ಕು ತುಂಡು ಮಾಡಿದ ಕಡಲೆಕಾಯಿ ಬೆಣ್ಣೆಯ ಸ್ಯಾಂಡ್‌ವಿಚ್. ಕಡಲೆಕಾಯಿ ಅಲರ್ಜಿ ಅಲ್ಲಿ ದೊಡ್ಡ ವಿಷಯ, ಆ ಚಾಕು ಬೇರೆಯದಕ್ಕೆ ಮುಟ್ಟಬಾರದು. ರಾತ್ರಿ ಕೊಡುವ ಸಾರು ಬಹುತೇಕ ಕೋಳಿಯದು, ಸಸ್ಯಾಹಾರಿಗಳು ಕೇಳಿದರೆ ಡಬ್ಬಿಯ ಮೇಲಿನದನ್ನು ಓದಿ ಹೇಳಿ. ಮನೆಯಿಂದ ಚಿತ್ರಾನ್ನ ಮಾಡಿ ಒಯ್ಯುವ ಆಸೆ ಸಹಜ, ಆದರೆ ಹೊರಗೆ ಊಟ ಬಡಿಸುವ ನಿಯಮ ಕೌಂಟಿಯಿಂದ ಕೌಂಟಿಗೆ, ಅಂದರೆ ಜಿಲ್ಲೆಯಿಂದ ಜಿಲ್ಲೆಗೆ ಬೇರೆ. ಸ್ಟೇಷನ್ ಕ್ಯಾಪ್ಟನ್‌ರನ್ನು ಕೇಳದೆ ಮುಚ್ಚಳ ತೆಗೆಯಬೇಡಿ.

ಈಗ ನಂಬರ್. ನೀರು ಕಡಿಮೆಯಾದರೆ ಬೈಗುಳ ತಿಂದು ಮುಗಿಯುತ್ತದೆ, ನಂಬರ್ ತಪ್ಪಿದರೆ ನಡುರಾತ್ರಿ ಕಾಡಿನಲ್ಲಿ ಹುಡುಕಾಟ. ಪ್ಯಾಡಿನ ಹಾಳೆಯಲ್ಲಿ ನಾಲ್ಕು ಕಾಲಂ: ಬಿಬ್ ನಂಬರ್, ಬಂದ ಹೊತ್ತು, ಹೊರಟ ಹೊತ್ತು, ಓಟ ಬಿಟ್ಟವರು. ಇಬ್ಬರು ಬೇಕು. ಒಬ್ಬರು ಬರುವ ದಾರಿಯಲ್ಲಿ ಐವತ್ತು ಹೆಜ್ಜೆ ಮುಂದೆ ನಿಂತು ನಂಬರ್ ಕೂಗಬೇಕು, ಇನ್ನೊಬ್ಬರು ಹೊರಹೋಗುವ ತುದಿಯಲ್ಲಿ. ರಾತ್ರಿ ಚಳಿಗೆ ಜಾಕೆಟ್ ಹಾಕಿದವರ ಬಿಬ್ ಒಳಗೆ ಅಡಗಿರುತ್ತದೆ, ಜಿಪ್ ಎಳೆದು ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಕೂಗುವಾಗ ಒಂದು-ಆರು-ಒಂಬತ್ತು ಎಂದು ಬಿಡಿಬಿಡಿಯಾಗಿ ಹೇಳಿ, ಬರೆದವರು ತಿರುಗಿ ಹೇಳಲಿ. 169 ಮತ್ತು 196 ಅದಲು ಬದಲಾದಷ್ಟು ಬೇರೆ ಯಾವುದೂ ಆಗುವುದಿಲ್ಲ. ಸಮಯ 24 ಗಂಟೆಯ ಲೆಕ್ಕದಲ್ಲಿ, ಸೀಸದ ಕಡ್ಡಿಯಲ್ಲಿ. ಒದ್ದೆ ಹಾಳೆಯ ಮೇಲೆ ಬಾಲ್ ಪೆನ್ ಮೂಡುವುದಿಲ್ಲ.

ಅರ್ಧ ಗಂಟೆಗೊಮ್ಮೆ ತಾಳೆ ನೋಡಿ. ಬಂದವರು 143, ಹೊರಟವರು 131, ಬಿಟ್ಟವರು 4 ಆದರೆ ಗುಡಾರದಲ್ಲಿ 8 ತಲೆ ಇರಬೇಕು. ಏಳೇ ಇದ್ದರೆ ಒಬ್ಬರು ಬರೆಸದೆ ಹೋಗಿದ್ದಾರೆ: ಕತ್ತಲಲ್ಲಿ ಪಕ್ಕದಿಂದ ನುಸುಳಿ ಓಡಿದ್ದಾರೆ, ಇಲ್ಲವೇ ಮನೆಯವರ ಕಾರು ಹತ್ತಿ ಮಲಗಲು ಹೋಗಿದ್ದಾರೆ. ಎರಡನೆಯದೇ ತಲೆನೋವು. ಓಟ ಬಿಡುವವರ ನಂಬರ್ ಬರೆದುಕೊಂಡು, ಬಿಬ್ ಇಸಿದುಕೊಂಡು, ಯಾರ ಗಾಡಿಯಲ್ಲಿ ಹೋಗುತ್ತಾರೆ ಎಂದೂ ಕೇಳಿ. ಬೆಟ್ಟದಲ್ಲಿ ಮೊಬೈಲ್ ಸಿಗ್ನಲ್ ಇರುವುದು ಅಪರೂಪ. ಈ ಲೆಕ್ಕವನ್ನು ಮುಂದಕ್ಕೆ ಕಳಿಸುವವರು ಹ್ಯಾಮ್ ರೇಡಿಯೋದವರು, ಅಂದರೆ ಹವ್ಯಾಸಕ್ಕೆ ವೈರ್‌ಲೆಸ್ ನಡೆಸುವವರು. ಅವರ ಟೇಬಲ್ ಹತ್ತಿರವೇ ಹಾಳೆ ಇರಲಿ, ಅಲ್ಲಿ ಹರಟೆ ಬೇಡ.

ಓಟಗಾರರೊಡನೆ ಮಾತು ಹೇಗೆ? ದಾರಿ ಕೇಳಿದರೆ "ಇಲ್ಲೇ ಮುಂದೆ, ಬಂದೇಬಿಡ್ತು" ಎನ್ನುವ ನಮ್ಮ ಚಾಳಿ ಅಲ್ಲಿ ಕೈಕೊಡುತ್ತದೆ. ಮುಂದಿನ ಸ್ಟೇಷನ್ 5.6 ಮೈಲಿ, ಮೊದಲ ಎರಡು ಮೈಲಿ ಏರು ಎಂದು ಅಂಕಿಯಲ್ಲೇ ಹೇಳಿ. ಕುರ್ಚಿಯಲ್ಲಿ ಕೂತವರನ್ನು ಐದು ನಿಮಿಷಕ್ಕೊಮ್ಮೆ ಮಾತಾಡಿಸಿ. ಬೆವರಿದ ಮೈ ಬೇಗ ತಣ್ಣಗಾಗಿ ನಡುಕ ಶುರುವಾಗುತ್ತದೆ. ಬೆರಳು ಊದಿ, ತಲೆ ಸುತ್ತಿ, ಮಾತು ತಡವರಿಸುತ್ತಿದ್ದರೆ ನೀರು ಹೆಚ್ಚಾಗಿ ರಕ್ತದ ಸೋಡಿಯಂ ಇಳಿದಿರಬಹುದು. ಇನ್ನಷ್ಟು ನೀರು ಕುಡಿಸದೆ ವೈದ್ಯಕೀಯ ತಂಡವನ್ನು ಕರೆಯಿರಿ. ನೋವಿನ ಮಾತ್ರೆ ಯಾರು ಕೇಳಿದರೂ ಕೊಡಬೇಡಿ. ನೀರು ಬತ್ತಿದ ಮೈಯಲ್ಲಿ ಐಬುಪ್ರೊಫೆನ್ ಮೂತ್ರಪಿಂಡಕ್ಕೆ ಕೆಟ್ಟದ್ದು. ಕಟ್‌ಆಫ್ (ಆ ಸ್ಟೇಷನ್ನಿಗೆ ಇಟ್ಟ ಗಡುವು) ಮೀರಿದವರನ್ನು ನಿಲ್ಲಿಸುವ ಮಾತು ಕ್ಯಾಪ್ಟನ್‌ರದು, ನಡುವೆ ನಿಂತು ನೀವು ಕರುಣೆ ತೋರಿಸಬೇಡಿ.

ಹೊರಡುವ ಮುನ್ನ ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ. ಬಾಡಿಗೆ ಕಾರಾದರೆ ಮಣ್ಣು ರಸ್ತೆಗೆ ಒಪ್ಪಂದ ಬಿಡುತ್ತದೆಯೇ ನೋಡಿ, ಬಹಳಷ್ಟು ಬಿಡುವುದಿಲ್ಲ. ರಾತ್ರಿ ಪಾಳಿಗೆ ಹೆಡ್‌ಲ್ಯಾಂಪ್, ದಪ್ಪ ಜಾಕೆಟ್, ಸ್ವಂತ ಕುರ್ಚಿ. ಪಾಳಿ ಮುಗಿದ ಮೇಲೆ ನಂಬರ್ ಹಾಳೆಯನ್ನು ಕ್ಯಾಪ್ಟನ್ ಕೈಗೇ ಕೊಡಿ, ಕಾರಿನ ಸೀಟಿನಲ್ಲಿ ಬಿಟ್ಟು ಮನೆಗೆ ಬರಬೇಡಿ. ಸೇವೆಯ ಫಾರ್ಮಿಗೆ ದಿನಾಂಕ, ಗಂಟೆ ಬರೆಸಿ ಅಲ್ಲೇ ಸಹಿ ಹಾಕಿಸಿಕೊಳ್ಳಿ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ.