ಬ್ಯಾಗಿಗೂ ಸೈ, ಗೇಮಿಗೂ ಸೈ: ಕಾಲೇಜಿಗೆ ಗೇಮಿಂಗ್ ಲ್ಯಾಪ್‌ಟಾಪ್ ಆರಿಸುವುದು ಹೇಗೆ

ಸಿಇಟಿ ಸೀಟು ಗಟ್ಟಿಯಾದ ಮರುದಿನದಿಂದ ನನ್ನ ಫೋನಿಗೆ ಒಂದೇ ಪ್ರಶ್ನೆ: "ಸರ್, ಗೇಮೂ ಆಡಬೇಕು, ಕಾಲೇಜಿಗೂ ಒಯ್ಯಬೇಕು. ಯಾವುದು ತಗೊಳ್ಳಲಿ?" ಹುಬ್ಬಳ್ಳಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕ್ಯಾಡ್ ಲ್ಯಾಬ್ ನೋಡಿಕೊಳ್ಳುವವನು ನಾನು. ರಾತ್ರಿ ಗೇಮ್ ಆಡುವವನೂ ಹೌದು. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಗೇಮಿನ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಹೆಸರು ಆಮೇಲೆ ನೋಡೋಣ, ಮೊದಲು ತೂಕ ನೋಡಿ.

ತೂಕ ಅಂದರೆ ಅಡಾಪ್ಟರ್ ಸೇರಿಸಿ. ಲೆನೊವೊ ಎಲ್‌ಒಕ್ಯೂ, ಎಚ್‌ಪಿ ವಿಕ್ಟಸ್ ತರಹದ 15 ಇಂಚಿನ ಮೆಷಿನ್‌ಗಳು 2.3ರಿಂದ 2.4 ಕೆಜಿ ತೂಗುತ್ತವೆ. ಇಟ್ಟಿಗೆಯಂಥ ಅಡಾಪ್ಟರ್ ಸೇರಿದರೆ 3 ಕೆಜಿ ಹತ್ತಿರ. ಅದರ ಮೇಲೆ ರೆಕಾರ್ಡ್ ಬುಕ್, ನೀರಿನ ಬಾಟಲ್, ಡಬ್ಬಿ. ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ನಿಂತುಕೊಂಡು ಬರುವ ಹುಡುಗರನ್ನು ನೋಡಿದ್ದೇನೆ. ಮೊದಲ ತಿಂಗಳು ಹುರುಪಿನಿಂದ ಹೊರುತ್ತಾರೆ, ದಸರಾ ಹೊತ್ತಿಗೆ ಲ್ಯಾಪ್‌ಟಾಪ್ ರೂಮಿನಲ್ಲೇ ಉಳಿಯುತ್ತದೆ.

ಇನ್ನೊಂದು ಕಡೆ 14 ಇಂಚಿನವು ಇವೆ. ಏಸಸ್ ಟಫ್ ಎ14, 2024ರ ಝೆಫೈರಸ್ ಜಿ14, ಎಚ್‌ಪಿ ಓಮೆನ್ ಟ್ರಾನ್ಸೆಂಡ್ 14. ಮೂರೂ 1.5 ಕೆಜಿ ಆಸುಪಾಸು. ಆದರೆ ದುಡ್ಡು ಜಾಸ್ತಿ, ಸಾಮಾನ್ಯವಾಗಿ ಲಕ್ಷ ದಾಟುತ್ತದೆ. ಹಾಗಾದರೆ ನಿಮ್ಮನ್ನು ನೀವೇ ಕೇಳಿಕೊಳ್ಳಿ: ದಿನಾ ಒಯ್ಯುತ್ತೀರಾ, ವಾರಕ್ಕೊಮ್ಮೆಯಾ? ಹಾಸ್ಟೆಲ್ ಕ್ಯಾಂಪಸ್ಸಿನಲ್ಲೇ ಇದ್ದು, ಪ್ರಾಜೆಕ್ಟ್ ಇದ್ದಾಗ ಮಾತ್ರ ಒಯ್ಯುವವರು 15 ಇಂಚಿನದ್ದನ್ನೇ ತಗೊಳ್ಳಿ, ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ. ದಿನಾ ಬಸ್ಸು ಹತ್ತುವವರಿಗೆ ಮಾತ್ರ ಸಣ್ಣದು ಬೇಕೇ ಬೇಕು.

ಈಗ ಗ್ರಾಫಿಕ್ಸ್ ಕಾರ್ಡ್. ಇಲ್ಲಿ ಹೆಸರು ನೋಡಿ ಮೋಸ ಹೋಗುವವರೇ ಬಹಳ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಎಂದರೆ ಒಂದೇ ವಸ್ತುವಲ್ಲ. ಎನ್‌ವಿಡಿಯಾ ಅದಕ್ಕೆ 35ರಿಂದ 115 ವಾಟ್‌ವರೆಗೆ ಅವಕಾಶ ಕೊಟ್ಟಿದೆ. ತೆಳ್ಳಗಿನ ಮೆಷಿನ್‌ನಲ್ಲಿ ಬಿಸಿ ಹೊರಹೋಗಲು ಜಾಗ ಇಲ್ಲ, ಹಾಗಾಗಿ ಕಂಪನಿಯವರು ವಾಟ್ ಇಳಿಸುತ್ತಾರೆ, ಜೊತೆಗೆ ವೇಗವೂ ಇಳಿಯುತ್ತದೆ. ಪೂರ್ತಿ ವಾಟ್ ಸಿಗುವ, ಒಂದು ಮೆಟ್ಟಿಲು ಕೆಳಗಿನ 4050, ಕೈಕಟ್ಟಿ ಕೂರಿಸಿದ 4060ರ ಹತ್ತಿರಕ್ಕೆ ಬಂದುಬಿಡುತ್ತದೆ. ಕಂಪನಿಯ ವೆಬ್‌ಸೈಟಿನ ಸ್ಪೆಕ್ಸ್ ಪುಟದಲ್ಲಿ ಟಿಜಿಪಿ (ಕಾರ್ಡಿಗೆ ಸಿಗುವ ಗರಿಷ್ಠ ವಾಟ್) ಎಂದು ಹುಡುಕಿ. ಎಷ್ಟು ವಾಟ್ ಎಂದು ಬರೆದಿಲ್ಲದಿದ್ದರೆ ಅದೇ ಮಾಡೆಲ್ಲಿನ ರಿವ್ಯೂ ನೋಡಿ. ಅಂಗಡಿಯವನ ಮಾತು ಇದಕ್ಕೆ ಸಾಕ್ಷಿಯಲ್ಲ.

ಕಾರ್ಡಿನ ಮೆಮೊರಿಯೂ ಮುಖ್ಯ. 4050ಕ್ಕೆ 6 ಜಿಬಿ, 4060ಕ್ಕೆ 8 ಜಿಬಿ. ವ್ಯಾಲರಂಟ್, ಜಿಟಿಎ 5 ಆಡುವವರಿಗೆ 6 ಜಿಬಿ ಧಾರಾಳ. ಹೊಸ ದೊಡ್ಡ ಗೇಮ್‌ಗಳಿಗೆ, ಮಷಿನ್ ಲರ್ನಿಂಗ್ ಮಾಡುವವರಿಗೆ 8 ಜಿಬಿ ಇದ್ದರೆ ಒಳ್ಳೆಯದು. ಕಾರ್ಡಿನಿಂದ ಲೆಕ್ಕ ಮಾಡಿಸುವ ಸಾಫ್ಟ್‌ವೇರ್ ಆದ CUDA ಬೇಕಾದವರು ಎನ್‌ವಿಡಿಯಾ ಬಿಟ್ಟು ಬೇರೆ ಕಡೆ ನೋಡಬೇಡಿ, ಅದು ಅವರ ಕಾರ್ಡಿನಲ್ಲಿ ಮಾತ್ರ ಓಡುತ್ತದೆ.

ಯಾವ ಬ್ರ್ಯಾಂಚು ಎಂಬುದರ ಮೇಲೂ ಹೋಗುತ್ತದೆ. ಮೆಕ್ಯಾನಿಕಲ್‌ನವರಿಗೆ ಬೇಕಾದ ಸಾಫ್ಟ್‌ವೇರು ಸಾಲಿಡ್‌ವರ್ಕ್ಸ್, ಆನ್ಸಿಸ್. ಸಿವಿಲ್‌ನವರಿಗೆ ಆಟೋಕ್ಯಾಡ್, ರೆವಿಟ್. ಸಾಲಿಡ್‌ವರ್ಕ್ಸ್, ರೆವಿಟ್ ಎರಡೂ ವಿಂಡೋಸ್ ಕೇಳುತ್ತವೆ. ಆದ್ದರಿಂದ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಇರುವ ಮೆಷಿನ್ನೇ ಸರಿ. ಸ್ನಾಪ್‌ಡ್ರ್ಯಾಗನ್ ಪ್ರೊಸೆಸರ್ ಹಾಕಿದವು ಬ್ಯಾಟರಿಯಲ್ಲಿ ಜಾಣ, ಆದರೆ ನಮ್ಮ ಲ್ಯಾಬಿನ ಹಳೇ ಸಾಫ್ಟ್‌ವೇರು, ಬೋರ್ಡಿನ ಡ್ರೈವರು ಅಂದರೆ ತಕರಾರು ಮಾಡುತ್ತವೆ. ಕಂಪ್ಯೂಟರ್ ಸೈನ್ಸ್‌ನವರಿಗೆ ಕೋಡ್ ಬರೆಯಲು ಕಾರ್ಡೇ ಬೇಕಿಲ್ಲ. "ಪ್ರಾಜೆಕ್ಟಿಗೆ ಬೇಕಪ್ಪಾ" ಎಂದು ಮನೆಯಲ್ಲಿ ಹೇಳುವುದು ಬೇರೆ ಮಾತು, ಅಲ್ವಾ?

ವಿಂಡೋಸ್ ಜೊತೆಗೆ ಉಬುಂಟು (ಲಿನಕ್ಸ್) ಹಾಕುವವರಿಗೊಂದು ಮಾತು. ಆ ಭರದಲ್ಲಿ ಸೆಕ್ಯೂರ್ ಬೂಟ್ (ಮೆಷಿನ್ ಶುರುವಾಗುವಾಗ ಸುರಕ್ಷತೆ ತಪಾಸಿಸುವ ಸೆಟ್ಟಿಂಗ್) ಆಫ್ ಮಾಡಿದರೆ ವಿಂಡೋಸ್ 11ರಲ್ಲಿ ವ್ಯಾಲರಂಟ್ ಓಡುವುದಿಲ್ಲ. ಗೇಮ್ ಕೆಟ್ಟಿತು ಎಂದು ನನ್ನ ಹತ್ತಿರ ಓಡಿಬರಬೇಡಿ, ಅದನ್ನು ಮತ್ತೆ ಆನ್ ಮಾಡಿ ನೋಡಿ.

ರ‍್ಯಾಮ್ 16 ಜಿಬಿಗಿಂತ ಕಡಿಮೆ ಬೇಡ. 15 ಇಂಚಿನವುಗಳಲ್ಲಿ ಸಾಮಾನ್ಯವಾಗಿ ಎರಡು ಸ್ಲಾಟ್ ಇರುತ್ತವೆ, ಆಮೇಲೆ ಹೆಚ್ಚಿಸಬಹುದು. ಒಂದೇ ಸ್ಟಿಕ್ ಹಾಕಿ ಮಾರುತ್ತಿದ್ದರೆ ಇನ್ನೊಂದನ್ನು ಹಾಕಿಸಿ, ಗೇಮಿನ ಫ್ರೇಮ್ ರೇಟ್ (ಸೆಕೆಂಡಿಗೆ ಮೂಡುವ ಚಿತ್ರಗಳು) ಏರುತ್ತದೆ. ನಾನು ಮೇಲೆ ಹೇಳಿದ ತೆಳ್ಳಗಿನವುಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಕೊಂಡಷ್ಟೇ ಗತಿ, ನಾಲ್ಕು ವರ್ಷವೂ.

ಬ್ಯಾಟರಿಗೆ ಸಣ್ಣ ಲೆಕ್ಕ ಸಾಕು. ಡಬ್ಬದ ಮೇಲಿನ ವಾಟ್-ಅವರ್ ಸಂಖ್ಯೆ ನೋಡಿ. 60 ವಾಟ್-ಅವರ್ ಬ್ಯಾಟರಿ ಇದೆ, ನೋಟ್ಸ್ ಬರೆಯುವಾಗ ಮೆಷಿನ್ 12 ವಾಟ್ ಎಳೆಯುತ್ತದೆ ಎಂದುಕೊಳ್ಳಿ, 5 ಗಂಟೆ ಬಂತು. ಅದೇ ದೊಡ್ಡ ಕಾರ್ಡ್ ಹಿನ್ನೆಲೆಯಲ್ಲಿ ಎಚ್ಚರವಾಗಿದ್ದು 25 ವಾಟ್ ಎಳೆದರೆ ಎರಡೂವರೆ ಗಂಟೆಯೂ ಇಲ್ಲ. ಕ್ಲಾಸಿಗೆ ಹೋಗುವಾಗ ಕಂಪನಿಯ ಸಾಫ್ಟ್‌ವೇರಿನಲ್ಲಿ ಎಕೋ ಮೋಡ್ ಅಥವಾ ಐಜಿಪಿಯು ಮೋಡ್ (ದೊಡ್ಡ ಕಾರ್ಡನ್ನು ಮಲಗಿಸಿ ಪ್ರೊಸೆಸರಿನೊಳಗಿನ ಸಣ್ಣ ಗ್ರಾಫಿಕ್ಸ್ ಮಾತ್ರ ಬಳಸುವುದು) ಹಾಕಿ, ಸ್ಕ್ರೀನನ್ನು 60 ಹರ್ಟ್ಸ್‌ಗೆ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವಷ್ಟಕ್ಕೆ) ಇಳಿಸಿ. ಈ ಮೋಡ್ ಇದೆಯಾ ಎಂದು ಕೊಳ್ಳುವ ಮುಂಚೆಯೇ ವಿಚಾರಿಸಿ. ಫ್ಯಾನ್ ಸದ್ದೂ ಅದರಿಂದಲೇ ಅಡಗುತ್ತದೆ. ಲೈಬ್ರರಿಯಲ್ಲಿ ಇಡೀ ಟೇಬಲ್ ತಿರುಗಿ ನೋಡುವುದು ತಪ್ಪುತ್ತದೆ. ಕರೆಂಟ್ ಹೋದಾಗ ಬ್ಯಾಟರಿ ಮೇಲೆ ಗೇಮ್ ಆಡುವ ಆಸೆ ಬಿಡಿ. ಅಡಾಪ್ಟರ್ ಇಲ್ಲದೆ ಯಾವ ಕಾರ್ಡಿಗೂ ಪೂರ್ತಿ ವಾಟ್ ಸಿಗುವುದಿಲ್ಲ.

ನನ್ನ ಪ್ರಕಾರ ಕಾಲೇಜಿನವರು ಬಿಡಲೇಬಾರದ ಸೌಲಭ್ಯ ಟೈಪ್-ಸಿ ಚಾರ್ಜಿಂಗ್. ದೊಡ್ಡ ಅಡಾಪ್ಟರನ್ನು ರೂಮಿನಲ್ಲೇ ಬಿಟ್ಟು 65 ವಾಟ್‌ನ ಪುಟ್ಟ ಚಾರ್ಜರ್ ಒಯ್ಯಬಹುದು, ಫೋನಿಗೂ ಅದೇ ಆಗುತ್ತದೆ. ಟೈಪ್-ಸಿ ತೂತು ಇದ್ದ ಮಾತ್ರಕ್ಕೆ ಚಾರ್ಜ್ ಆಗುತ್ತದೆ ಎಂದಲ್ಲ, ಪವರ್ ಡೆಲಿವರಿ ಎಂದು ಬರೆದಿರಬೇಕು. ಇನ್ನೊಂದು, ಯಾರೂ ಹೇಳದ್ದು: ಕೆಲವು ದೊಡ್ಡ ಅಡಾಪ್ಟರ್‌ಗಳ ಜೊತೆ 16 ಆಂಪಿಯರ್‌ನ ದಪ್ಪ ಪಿನ್ ಬರುತ್ತದೆ, ಗೀಸರಿನದ್ದರ ತರಹ. ಕ್ಲಾಸ್‌ರೂಮಿನ, ಪಿಜಿ ರೂಮಿನ ಸಣ್ಣ ಸಾಕೆಟ್ಟಿಗೆ ಅದು ಹೋಗುವುದೇ ಇಲ್ಲ. ಡಬ್ಬ ತೆರೆಸಿ ಪಿನ್ ನೋಡಿ.

ಸ್ಕ್ರೀನಿನಲ್ಲಿ 144 ಹರ್ಟ್ಸ್ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದರ ಕೆಳಗೆ ಸಣ್ಣಕ್ಷರದಲ್ಲಿ 250 ನಿಟ್ಸ್ (ಬೆಳಕಿನ ಅಳತೆ), 45% ಎನ್‌ಟಿಎಸ್‌ಸಿ (ಬಣ್ಣದ ಅಳತೆ) ಎಂದಿದ್ದರೆ ಬಣ್ಣ ಪೇಲವ, ಕಿಟಕಿ ಪಕ್ಕ ಕೂತರೆ ಕಣ್ಣು ಕಿರಿದು ಮಾಡಬೇಕು. 300 ನಿಟ್ಸ್‌ಗೂ ಮೇಲೆ, 100% ಎಸ್‌ಆರ್‌ಜಿಬಿ (ಇದೂ ಬಣ್ಣದ ಅಳತೆಯೇ) ಇರಲಿ. 16:10 ಅಳತೆಯದ್ದಾದರೆ ಪಿಡಿಎಫ್ ಓದುವಾಗ ಒಂದೆರಡು ಸಾಲು ಜಾಸ್ತಿ ಕಾಣುತ್ತವೆ. ಕೀಬೋರ್ಡು, ವೆಬ್‌ಕ್ಯಾಮ್ ಅಂಗಡಿಯಲ್ಲಿ ಒಮ್ಮೆ ಮುಟ್ಟಿ ನೋಡಿದರೆ ಸಾಕು. ಎಚ್‌ಡಿಎಂಐ ಇರಲಿ, ಸೆಮಿನಾರ್ ಹಾಲಿನ ಪ್ರೊಜೆಕ್ಟರ್ ಕಾಯುತ್ತಿರುತ್ತದೆ.

ತಂದ ದಿನವೇ ಡಬ್ಬ ಒಡೆಯುವ ವಿಡಿಯೊ ಮಾಡಿ. ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿ ಸತ್ತ ಪಿಕ್ಸೆಲ್ ಇದೆಯಾ ನೋಡಿ. ಅರ್ಧ ಗಂಟೆ ಭಾರೀ ಗೇಮ್ ಓಡಿಸಿ, ಆಫ್ ಆಗುತ್ತದಾ, ಫ್ಯಾನು ಕರಕರ ಎನ್ನುತ್ತದಾ ಗಮನಿಸಿ. ಬದಲಿಸಿಕೊಡುವ ಅವಧಿ ಮುಗಿಯುವ ಮುಂಚೆ ಇದೆಲ್ಲ ಆಗಲಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಬೇಕು. ಆನ್‌ಸೈಟ್ ವಾರಂಟಿ ಎಂದಿದ್ದರೆ ಹಾಸ್ಟೆಲಿನ ಪಿನ್‌ಕೋಡ್, ಊರಿನ ಪಿನ್‌ಕೋಡ್ ಎರಡನ್ನೂ ಕೊಟ್ಟು ಕೇಳಿ. ಹುಬ್ಬಳ್ಳಿಗೆ ಬರುವ ಎಂಜಿನಿಯರ್ ರೋಣದಂಥ ಸಣ್ಣ ಊರಿಗೂ ಬರುತ್ತಾನೆ ಎಂದೇನಿಲ್ಲ.