ರೂಮಿನ ಕರಾರು ಬರೆಸುವ ಮುಂಚೆ 2020 ಒಮ್ಮೆ ನೆನಪಿಸಿಕೊಳ್ಳಿ

ಧಾರವಾಡದ ಕೋರ್ಟ್ ಹತ್ತಿರ ನನ್ನದು ಟೈಪಿಂಗ್ ಅಂಗಡಿ. ಬಾಡಿಗೆ ಕರಾರು ಪತ್ರದ ಕೆಲಸವೇ ಜಾಸ್ತಿ. ಸಪ್ತಾಪುರ, ಕಲ್ಯಾಣನಗರದ ಕಡೆ ಖೋಲಿ ಹಿಡಿದ ಹುಡುಗರು ಬಂದು, "ಕಾಕಾ, ಹಳೇ ಕರಾರಿನಾಗ ಹೆಸರಷ್ಟ ಬದ್ಲಿ ಮಾಡಿ ಕೊಡ್ರಿ" ಅಂತಾರೆ. ಆ ಹಳೇ ಕರಾರಿನಲ್ಲಿ ಗೋಡೆಗೆ ಮೊಳೆ ಹೊಡೆಯಬಾರದು ಅಂತ ಇರುತ್ತದೆ. ಕಾಲೇಜೇ ಬಂದ್ ಆದರೆ ಏನು ಅಂತ ಇರುವುದಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿ. ಲಾಕ್‌ಡೌನ್‌ನಲ್ಲಿ ಸರ್ಕಾರ ವಿದ್ಯಾರ್ಥಿಗಳ ಬಾಡಿಗೆ ಮಾಫಿ ಮಾಡಿತ್ತು ಅಂತ ಇವತ್ತಿಗೂ ಹೇಳುವವರಿದ್ದಾರೆ. 2020ರ ಮಾರ್ಚ್ 29ರ ಕೇಂದ್ರ ಗೃಹ ಸಚಿವಾಲಯದ ಆದೇಶದಲ್ಲಿ ಎರಡು ಮಾತಿದ್ದವು. ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದು ಅನ್ನುವುದು ಒಂದು. ಕಾರ್ಮಿಕರನ್ನಾಗಲಿ ವಿದ್ಯಾರ್ಥಿಗಳನ್ನಾಗಲಿ ಬಲವಂತದಿಂದ ಹೊರಗೆ ಹಾಕಬಾರದು ಅನ್ನುವುದು ಇನ್ನೊಂದು. ವಿದ್ಯಾರ್ಥಿಗಳ ಹೆಸರು ಇದ್ದದ್ದು ಎರಡನೆಯದರಲ್ಲಿ ಮಾತ್ರ.

ಕೋರ್ಟೂ ಕೈ ಹಿಡಿಯಲಿಲ್ಲ. 2020ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಒಂದು ಅಂಗಡಿ ಬಾಡಿಗೆಯ ಕೇಸಿನಲ್ಲಿ ಇದನ್ನೇ ಹೇಳಿತು: ಜಾಗ ನಿಮ್ಮ ವಶದಲ್ಲೇ ಇದ್ದರೆ, ಕರಾರಿನಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ, ಸ್ವಲ್ಪ ದಿನ ಬಳಸಲು ಆಗಲಿಲ್ಲ ಅನ್ನುವುದಕ್ಕೆ ಬಾಡಿಗೆ ತಪ್ಪುವುದಿಲ್ಲ. ಬೆಂಕಿ, ಪ್ರವಾಹದಿಂದ ಜಾಗವೇ ಶಾಶ್ವತವಾಗಿ ಕೆಟ್ಟು ಹೋದರೆ ಆ ಮಾತು ಬೇರೆ. ಹಾಗಾಗಿ ಕರಾರಿನಲ್ಲಿ ಬರೆದಿದ್ದಷ್ಟೇ ನಿಮ್ಮದು. ನಾನು ಈಗ ಹುಡುಗರಿಗೆ ಈ ಸಾಲು ಹಾಕಿ ಕೊಡುತ್ತೇನೆ:

"ಸರ್ಕಾರದ ಆದೇಶದಿಂದ ಅಥವಾ ವಿಶ್ವವಿದ್ಯಾಲಯದ ಸುತ್ತೋಲೆಯಿಂದ ತರಗತಿಗಳು 30 ದಿನಕ್ಕಿಂತ ಹೆಚ್ಚು ನಿಂತಲ್ಲಿ, ಬಾಡಿಗೆದಾರನು 15 ದಿನದ ಲಿಖಿತ ನೋಟಿಸ್ ಕೊಟ್ಟು ದಂಡವಿಲ್ಲದೆ ಖೋಲಿ ಬಿಡಬಹುದು. ಖೋಲಿ ಬಿಡದೆ ಸಾಮಾನು ಮಾತ್ರ ಇಟ್ಟಲ್ಲಿ, ತರಗತಿ ಶುರುವಾಗುವವರೆಗೆ ಅರ್ಧ ಬಾಡಿಗೆ ಕೊಡತಕ್ಕದ್ದು."

ಎರಡನೇ ವಾಕ್ಯಕ್ಕೆ ಮಾಲಕರು ಮುಖ ಗಂಟು ಹಾಕುತ್ತಾರೆ. ಅವರದೂ ತಪ್ಪಲ್ಲ, ಆ ಬಾಡಿಗೆಯಲ್ಲೇ ಸಂಸಾರ ನಡೆಸುವ ರಿಟೈರ್ ಆದವರು ಸಪ್ತಾಪುರದಲ್ಲಿ ಎಷ್ಟೋ ಮಂದಿ. ಅರ್ಧ ಒಪ್ಪದಿದ್ದರೆ ಮುಕ್ಕಾಲಿಗೆ ಬನ್ನಿ. ಆದರೆ ಸಾಲು ಬಿಡಬೇಡಿ. 2020ರಲ್ಲಿ 21 ದಿನದ ಮಾತು ಅಂತ ಹಾಸಿಗೆ, ಪುಸ್ತಕ, ಗ್ಯಾಸ್ ಒಲೆ ಬಿಟ್ಟು ಹಾವೇರಿ, ಗದಗಿನ ಊರುಗಳಿಗೆ ಹೋದ ಹುಡುಗರಿಗೆ ತೊಡಕಾಗಿದ್ದು ಇಲ್ಲೇ. ಖೋಲಿ ಬಿಡೋಣ ಅಂದರೆ ಕಡೇ ವರ್ಷದ ಪರೀಕ್ಷೆಯ ಭಯ. ಆ ಜುಲೈನಲ್ಲಿ ಯುಜಿಸಿ ಪರೀಕ್ಷೆ ಸೆಪ್ಟೆಂಬರ್ ಒಳಗೆ ಮುಗಿಸಿ ಅಂದಿತು, ಆಗಸ್ಟ್ 28ರವರೆಗೆ ವಿಷಯ ಸುಪ್ರೀಂ ಕೋರ್ಟಿನಲ್ಲಿತ್ತು. ಅಷ್ಟೂ ತಿಂಗಳು ಬಾಡಿಗೆ ಬಾಕಿ ಮಾತ್ರ ಏರುತ್ತಲೇ ಇತ್ತು.

11 ತಿಂಗಳ ಕರಾರು ಅಂದರೆ ಯಾವಾಗ ಬೇಕಾದರೂ ಬಿಡಬಹುದು ಅಂತಲ್ಲ. ವರ್ಷ ದಾಟಿದರೆ ರಿಜಿಸ್ಟರ್ ಮಾಡಿಸಬೇಕಲ್ಲ, ಅದನ್ನು ತಪ್ಪಿಸಲು ಆ 11. ನೋಟಿಸ್ ಎಷ್ಟು ದಿನ, ಮಧ್ಯೆ ಬಿಟ್ಟರೆ ಎಷ್ಟು ಕಡಿತ ಅಂತ ಬೇರೆಯಾಗಿ ನೋಡಿ. ಕರಾರೇ ಇಲ್ಲದೆ ತಿಂಗಳ ಬಾಡಿಗೆಯ ಮೇಲೆ ಇದ್ದರೆ ಕಾಯ್ದೆಯ ಪ್ರಕಾರ 15 ದಿನದ ನೋಟಿಸ್ ಸಾಕು. ಮೂರು ಜನ ಸೇರಿ ಖೋಲಿ ಹಿಡಿಯುತ್ತೀರಾ? "ಜಂಟಿಯಾಗಿ" ಅನ್ನುವ ಶಬ್ದ ಕಂಡರೆ ನಿಲ್ಲಿ. ಇಬ್ಬರು ಊರಿಗೆ ಹೋದರೆ ಉಳಿದವನ ಹೆಗಲಿಗೆ ಪೂರಾ ಬಾಡಿಗೆ ಬರುತ್ತದೆ. ತಲೆಗೆ ಇಷ್ಟು ಅಂತ ಬರೆಸಿ. ಪಿಜಿಯಾದರೆ ಊಟದ ದುಡ್ಡು ಬೇರೆ, ಇರುವ ದುಡ್ಡು ಬೇರೆ ಅಂತ ರಸೀದಿಯಲ್ಲಿ ಹಾಕಿಸಿ. ಉಣ್ಣದ ಊಟಕ್ಕೆ ಯಾಕೆ ಕೊಡಬೇಕು, ಅಲ್ವಾ?

ಈಗಾಗಲೇ ಸಿಕ್ಕಿಕೊಂಡಿದ್ದರೆ ಮೊದಲು ಕೀಲಿಕೈ ವಿಚಾರ ಮುಗಿಸಿ. ಕೀಲಿಕೈ ನಿಮ್ಮ ಕಿಸೆಯಲ್ಲಿ ಇರುವ ತನಕ ಖೋಲಿ ನಿಮ್ಮ ವಶದಲ್ಲೇ ಇದೆ ಅಂತ ಮಾಲಕರು ಹೇಳಬಹುದು. ಬಿಡುವುದು ಖಚಿತವಾದರೆ ಯಾರನ್ನಾದರೂ ಕಳಿಸಿ ಸಾಮಾನು ತೆಗೆಸಿ. ಖಾಲಿ ಖೋಲಿಯ ವಿಡಿಯೋ, ಹೆಸ್ಕಾಂ ಮೀಟರಿನ ಫೋಟೋ ತೆಗೆಸಿ, ಕೀಲಿಕೈ ಕೊಟ್ಟು "ಮುಟ್ಟಿತು" ಅಂತ ಒಂದು ಚೀಟಿ ಬರೆಸಿಕೊಳ್ಳಿ. ಲೈಟ್ ಹಚ್ಚದಿದ್ದರೂ ಕರೆಂಟ್ ಬಿಲ್ಲಿನ ನಿಗದಿ ಶುಲ್ಕ ಬರಬಹುದು, ಅದಕ್ಕೆ ಜಗಳ ಬೇಡ.

ಫೋನಿನಲ್ಲಿ ಆಡಿದ ಮಾತು ನಂಬಿ ಕೂಡಬೇಡಿ. "ಮಾಲಕರ, ನೀವು ಹೇಳಿದಂಗ ಜೂನ್ ಬಾಡಿಗಿ ಅರ್ಧ ಹಾಕೇನ್ರಿ, ಉಳಿದದ್ದು ಡಿಪಾಜಿಟ್‌ನಾಗ ಹಿಡೀರಿ" ಅಂತ ಅವತ್ತೇ ವಾಟ್ಸಾಪ್ ಮಾಡಿ. ಅವರ ಕಡೆಯಿಂದ ಒಂದು "ಹೂಂ" ಬಂದರೂ ಕೆಲಸಕ್ಕೆ ಬರುತ್ತದೆ. ಉತ್ತರವೇ ಇಲ್ಲದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಡಿಪಾಜಿಟ್ ಪೂರಾ ನುಂಗಿದರೆ? ಕರಾರಿನಲ್ಲಿ ದಂಡ ಅಂತ ಎಷ್ಟೇ ಬರೆದಿದ್ದರೂ ಕಾಂಟ್ರ್ಯಾಕ್ಟ್ ಕಾಯ್ದೆಯ 74ನೇ ಕಲಮಿನಂತೆ ನ್ಯಾಯವಾದ ಪರಿಹಾರಕ್ಕಿಂತ ಜಾಸ್ತಿ ಸಿಗುವುದಿಲ್ಲ. ಕೇಸು ಹಾಕುವ ಮುಂಚೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಇಬ್ಬರನ್ನೂ ಕರೆಸಿ ರಾಜಿ ಮಾಡಿಸಲು ನೋಡುತ್ತಾರೆ. ಹುಡುಗಿಯರಿಗೆ, ಎಸ್‌ಸಿ ಎಸ್‌ಟಿ ವಿದ್ಯಾರ್ಥಿಗಳಿಗೆ ಅಲ್ಲಿ ಆದಾಯ ನೋಡದೆ ಉಚಿತ ವಕೀಲರ ನೆರವು ಸಿಗುತ್ತದೆ. ಹೋಗುವಾಗ ಕರಾರಿನ ಜೆರಾಕ್ಸ್, ಬಾಡಿಗೆ ಹಾಕಿದ ಬ್ಯಾಂಕ್ ಪಾಸ್‌ಬುಕ್, ಕಾಲೇಜು ಮುಚ್ಚಿದ ಸುತ್ತೋಲೆ, ಆ ಕೀಲಿಕೈ ಚೀಟಿ ಎಲ್ಲ ಜೊತೆಗಿರಲಿ.